14 ಅಡಿ ದೋಣಿಯ ಜಗಲಿಯನ್ನು ಹಿಗ್ಗಿಸಿದ ಬಗೆ

ನಾರ್ತ್ ಕೆರೊಲಿನಾದ ರಾಲಿ ನಗರದ ನೈಋತ್ಯಕ್ಕೆ, ಶಿಯರನ್ ಹ್ಯಾರಿಸ್ ಅಣುವಿದ್ಯುತ್ ಸ್ಥಾವರಕ್ಕೆ ತಂಪು ನೀರು ಒದಗಿಸಲೆಂದು ಕಟ್ಟಿದ ಹ್ಯಾರಿಸ್ ಸರೋವರವಿದೆ. ಅಲ್ಲಿ ಲಾರ್ಜ್‌ಮೌತ್ ಬಾಸ್ ಮೀನಿಗೆ ಗಾಳ ಹಾಕುವುದಕ್ಕೆಂದೇ ನಾನು ಸಪಾಟು ತಳದ ಅಲ್ಯೂಮಿನಿಯಂ ಜಾನ್ ಬೋಟ್ ಒಂದನ್ನು ಹಳೆಯದಾಗಿ ಕೊಂಡೆ. ಅದರ ಉದ್ದ 14 ಅಡಿ, ತಳದ ಅಗಲ 48 ಅಂಗುಲ, ಬದಿಯ ಎತ್ತರ 20 ಅಂಗುಲ. ಮೂತಿಯಲ್ಲಿ ನಿಂತು ಗಾಳ ಬೀಸಲು ಕಾರ್ಖಾನೆಯವರು ಕೊಟ್ಟಿದ್ದ ಕಾಸ್ಟಿಂಗ್ ಡೆಕ್ಕನ್ನು ನನ್ನ ಹೆಂಡತಿ ಮೊದಲ ದಿನವೇ ‘ಜಗಲಿ’ ಎಂದು ಕರೆದಳು. ನಮ್ಮ ಮನೆಯಲ್ಲಿ ಆ ಹೆಸರೇ ಉಳಿದಿದೆ. ಆದರೆ ಆ ಜಗಲಿಯ ಉದ್ದ ಬರೀ 30 ಅಂಗುಲ. ಟ್ರೋಲಿಂಗ್ ಮೋಟಾರಿನ, ಅಂದರೆ ದೋಣಿಯನ್ನು ಸದ್ದಿಲ್ಲದೆ ನಿಧಾನವಾಗಿ ನಡೆಸುವ ಬ್ಯಾಟರಿ ಮೋಟಾರಿನ, ಕಾಲುಪೆಡಲ್ ಇಟ್ಟ ಮೇಲೆ ಒಂದು ಪಾದ ಪೆಡಲಿನ ಮೇಲೆ, ಇನ್ನೊಂದು ಪಾದ ಅಂಚಿನಲ್ಲಿ ಇರಬೇಕಾಗುತ್ತಿತ್ತು. ಮೀನು ಎಳೆದಾಗ ಒಂದು ಹೆಜ್ಜೆ ಹಿಂದಿಟ್ಟರೆ ಕಾಲಿಗೆ ಸಿಗುತ್ತಿದ್ದುದು ನೆಲವಲ್ಲ, ಹದಿನೈದು ಅಂಗುಲದ ಹಳ್ಳ. ಆ ಹಳ್ಳವನ್ನು, ಅಂದರೆ ಜಗಲಿಯ ಅಂಚಿನಿಂದ ನಡುವಿನ ಆಸನದವರೆಗಿನ 38 ಅಂಗುಲ ಜಾಗವನ್ನು, ಮುಚ್ಚಿ ನಿಲ್ಲುವ ಸ್ಥಳ ಮಾಡಿಕೊಳ್ಳುವುದೇ ನನ್ನ ಉದ್ದೇಶವಾಗಿತ್ತು.

ಮೊದಲ ಪ್ರಯತ್ನದಲ್ಲಿ ನಾನು ತಪ್ಪಿದ್ದು ಎತ್ತರದ ವಿಷಯದಲ್ಲಿ. ಡೆಕ್ ಎತ್ತರವಾದಷ್ಟೂ ನೀರಿನೊಳಗೆ ಚೆನ್ನಾಗಿ ಕಾಣುತ್ತದೆ, ಕೆಳಗೆ ಸಾಮಾನು ಇಡಲೂ ಜಾಗ ಸಿಗುತ್ತದೆ ಎಂದು ಎಣಿಸಿ, ಎರಡಕ್ಕೆ ನಾಲ್ಕು ಅಂಗುಲದ ಮರದ ತುಂಡುಗಳ ಚೌಕಟ್ಟಿನ ಮೇಲೆ ಮುಕ್ಕಾಲು ಅಂಗುಲ ದಪ್ಪದ ಪ್ಲೈವುಡ್ ಹೊದಿಸಿ, ತಳದಿಂದ 18 ಅಂಗುಲ ಎತ್ತರಕ್ಕೆ ಹೊಸ ಅಟ್ಟಣೆ ಕಟ್ಟಿದೆ. ರತ್ನಗಂಬಳಿ ಅಂಟಿಸಿದ ಮೇಲೆ ಅದರ ತೂಕ 78 ಪೌಂಡ್ ಆಯಿತು. ಮೇ ತಿಂಗಳ ಒಂದು ಬೆಳಿಗ್ಗೆ ದಡದ ಹತ್ತಿರವೇ ಪರೀಕ್ಷಿಸುವಾಗ, ಜೊತೆಗಿದ್ದ ಗೆಳೆಯ ಮೀನನ್ನು ಎತ್ತಿಕೊಳ್ಳಲು ನನ್ನ ಪಕ್ಕಕ್ಕೇ ಬಂದು ಬಾಗಿದ. ದೋಣಿಯ ಅಂಚು ನೀರಿಗೆ ಎರಡೇ ಅಂಗುಲ ಉಳಿಯುವಷ್ಟು ವಾಲಿತು. ಇಬ್ಬರೂ ಜೀವರಕ್ಷಕ ಅಂಗಿ ತೊಟ್ಟಿದ್ದೆವು, ಏನೂ ಆಗಲಿಲ್ಲ. ಆದರೂ ಅಂದು ಮನೆಗೆ ಬಂದವನು ರಾತ್ರಿ ಬಹಳ ಹೊತ್ತು ಅದನ್ನೇ ಯೋಚಿಸುತ್ತ ಕುಳಿತೆ. ನಾನು ಬೆಳೆದದ್ದು ಗಂಗೊಳ್ಳಿಯ ಅಳಿವೆಯ ಬದಿಯಲ್ಲಿ. ಅಲ್ಲಿ ಸಣ್ಣ ದೋಣಿಯ ಮೂತಿಯಲ್ಲಿ ನಿಂತು ಬೀಸುಬಲೆ ಎಸೆಯುವವರನ್ನು ನೋಡುತ್ತಲೇ ದೊಡ್ಡವನಾದೆ. ಅವರ ಪಾದ ಇರುತ್ತಿದ್ದುದು ದೋಣಿಯ ತಳದಲ್ಲಿ, ಹೊರಗಿನ ನೀರಿನ ಮಟ್ಟಕ್ಕಿಂತಲೂ ಕೆಳಗೆ. ಆದ್ದರಿಂದಲೇ ಸೊಂಟ ತಿರುಗಿಸಿ ಬಲೆ ಬಿಟ್ಟರೂ ದೋಣಿ ಅವರ ಮಾತು ಮೀರುತ್ತಿರಲಿಲ್ಲ. ಸಪಾಟು ತಳದ ದೋಣಿ ಮೊದಮೊದಲು ಗಟ್ಟಿಯಾಗಿ ನಿಂತಂತೆ ತೋರಿದರೂ, ಭಾರ ಮೇಲೇರಿದಾಗ ಒಂದು ಹಂತದ ಬಳಿಕ ಅದು ಒಮ್ಮೆಗೇ ವಾಲುತ್ತದೆ. ಆ ವಾರವೇ ಅಟ್ಟಣೆಯನ್ನು ಬಿಚ್ಚಿದೆ.

ಎರಡನೆಯ ಸಲ ಹೊಸ ನೆಲವನ್ನು ತಳದಿಂದ 11 ಅಂಗುಲಕ್ಕೆ ಇಳಿಸಿದೆ. ಹಳೆಯ ಜಗಲಿಗಿಂತ ಅದು ನಾಲ್ಕು ಅಂಗುಲ ತಗ್ಗು, ನಡುವಿನ ಆಸನಕ್ಕಿಂತ ಎರಡು ಅಂಗುಲ ತಗ್ಗು. ಜಗಲಿಯೂ ಹೊಸ ನೆಲವೂ ಒಂದೇ ಮಟ್ಟದಲ್ಲಿದ್ದರೆ ನೋಡಲು ಅಂದವೆಂಬುದು ನಿಜ. ಆದರೆ ಹಿಂದೆ ಸರಿದಾಗ ಕಾಲಿಗೆ ಸಿಗುವ ಈ ಒಂದು ಮೆಟ್ಟಿಲು, ನಾನು ದೋಣಿಯ ಯಾವ ಭಾಗದಲ್ಲಿದ್ದೇನೆಂಬುದನ್ನು ಕಣ್ಣು ನೀರಿನ ಮೇಲಿದ್ದಾಗಲೂ ತಿಳಿಸುತ್ತದೆ.

ಚೌಕಟ್ಟಿಗೆ ಮರವನ್ನು ಬಿಟ್ಟು, ಒಂದೂವರೆ ಅಂಗುಲ ಅಗಲದ, ಅಂಗುಲದ ಎಂಟನೇ ಒಂದು ಭಾಗ ದಪ್ಪದ 6061 ಎಂಬ ಮಿಶ್ರಲೋಹದ ಅಲ್ಯೂಮಿನಿಯಂ ಆಂಗಲ್ (L ಆಕಾರದ ಪಟ್ಟಿ) ಬಳಸಿದೆ. ಅದು ಅಡಿಗೆ ಅರ್ಧ ಪೌಂಡೂ ತೂಗುವುದಿಲ್ಲ. ನಾಲ್ಕು ಅಡ್ಡಪಟ್ಟಿಗಳನ್ನು ಸುಮಾರು ಹದಿಮೂರು ಅಂಗುಲಕ್ಕೊಂದರಂತೆ ಇಟ್ಟು, ಪ್ರತಿಯೊಂದರ ನಡುಭಾಗಕ್ಕೆ ಒಂದು ಗಿಡ್ಡ ಕಾಲು ಕೊಟ್ಟೆ. ಆ ಕಾಲುಗಳು ತಳದ ತಗಡಿನ ಮೇಲೆ ಕೂರದೆ, ತಳಕ್ಕೆ ಬಲ ಕೊಡುವ ಪಕ್ಕೆಗಳ ಮೇಲೇ ಕೂರುವಂತೆ ಅಳೆದದ್ದು ಈ ಕೆಲಸದಲ್ಲಿ ಅತ್ಯಂತ ತಾಳ್ಮೆ ಬೇಡಿದ ಭಾಗ. ತೆಳು ತಗಡಿನ ಮೇಲೆ ಕಾಲು ಊರಿದರೆ ಅಲೆಯ ಪ್ರತಿ ಹೊಡೆತಕ್ಕೂ ಅದೇ ಜಾಗ ಬಡಿಸಿಕೊಂಡು ಕೊನೆಗೆ ಬಿರುಕು ಬಿಡುತ್ತದೆ. ಜೋಡಣೆಗೆ ಮೂರು-ಹದಿನಾರಾಂಶ ಅಂಗುಲದ ಅಲ್ಯೂಮಿನಿಯಂ ರಿವೆಟ್‌ಗಳು. ಅವಕ್ಕೆ 11ನೇ ಸಂಖ್ಯೆಯ ಡ್ರಿಲ್ ಬಿಟ್‌ನಿಂದ ರಂಧ್ರ ಕೊರೆದರೆ ಬಿಗಿ ಸರಿಯಾಗುತ್ತದೆ. ನೀರಿನ ಮಟ್ಟದ ಕೆಳಗೆ ಹೊರಮೈಗೆ ಒಂದು ರಂಧ್ರವನ್ನೂ ಮಾಡಲಿಲ್ಲ. ಚೌಕಟ್ಟನ್ನು ಪಕ್ಕೆಗಳಿಗೂ ಆಸನದ ಪಕ್ಕದ ತಗಡಿಗೂ ಮಾತ್ರ ಕಚ್ಚಿಸಿದೆ. ಸಾಮಾನಿಡಲು ಜಾಗ ಬೇಕೆಂದು ಆಸನದೊಳಗಿನ ಫೋಮನ್ನು ಕಿತ್ತು ಹಾಕುವವರಿದ್ದಾರೆ. ದೋಣಿಯಲ್ಲಿ ನೀರು ತುಂಬಿದಾಗಲೂ ಅದು ಮುಳುಗಿಹೋಗದೆ ಹಿಡಿದುಕೊಳ್ಳಲು ಏನಾದರೂ ಉಳಿಸುವುದು ಆ ಫೋಮ್ ಒಂದೇ. ಯಾರೂ ದಯವಿಟ್ಟು ಅದಕ್ಕೆ ಕೈ ಹಾಕಬಾರದು.

ನೆಲಕ್ಕೆ ಅರ್ಧ ಅಂಗುಲದ ಮರೈನ್ ಪ್ಲೈವುಡ್ ತಂದೆ. ಅಂಗಡಿಯಲ್ಲಿ ಕೊಳೆಯದಂತೆ ರಸಾಯನ ಉಣಿಸಿದ ಪ್ಲೈವುಡ್ ಅಗ್ಗವಾಗಿ ಸಿಗುತ್ತಿತ್ತು, ಅದನ್ನೇ ಕೊಳ್ಳುವುದರಲ್ಲಿದ್ದೆ. ಆದರೆ ಅದರಲ್ಲಿರುವ ತಾಮ್ರದ ಅಂಶ ತೇವ ತಗುಲಿದಾಗ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ದೋಣಿಯ ಮೈಯೇ ಅಲ್ಯೂಮಿನಿಯಂ ಆದ್ದರಿಂದ ಆ ಉಳಿತಾಯ ಬೇಡವೆನಿಸಿತು. ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಬದಿಯ ಓರೆಗೆ ಹೊಂದಿಸಿ, ಸುತ್ತಲೂ ಕಾಲಂಗುಲ ಸಂದು ಬಿಟ್ಟು ಹಲಗೆ ಕೊಯ್ದೆ. ಆ ಸಂದು ಇಲ್ಲದಿದ್ದರೆ ಮೇಲೆ ಬಿದ್ದ ನೀರು ಇಳಿಯುವುದಿಲ್ಲ, ದೋಣಿ ಮೈ ಬಾಗಿದಾಗ ಹಲಗೆ ಕಿರುಗುಟ್ಟುತ್ತದೆ. ಎರಡೂ ಮುಖಕ್ಕೆ ಮೂರು ಸಲ ನೀರು ತಡೆಯುವ ಎಪಾಕ್ಸಿ ಅಂಟುದ್ರವ ಹಚ್ಚಿದೆ. ಅಂಚುಗಳಿಗೆ ಮತ್ತು ಸ್ಕ್ರೂ ರಂಧ್ರಗಳ ಒಳಗೋಡೆಗೆ ಇನ್ನೂ ಒಂದು ಸಲ, ಏಕೆಂದರೆ ಪ್ಲೈವುಡ್ ಕೊಳೆಯಲು ಶುರುವಾಗುವುದೇ ಅಲ್ಲಿಂದ. ಹಲಗೆಗೂ ಲೋಹಕ್ಕೂ ನಡುವೆ ತೆಳು ರಬ್ಬರ್ ಪಟ್ಟಿ ಅಂಟಿಸಿದ ಮೇಲೆ ಹೆಜ್ಜೆಯ ಸದ್ದು ಬಹಳ ತಗ್ಗಿತು. ಆಳವಿಲ್ಲದ ನೀರಿನಲ್ಲಿ ಒಂದು ‘ಟಕ್’ ಸದ್ದಿಗೆ ಮೀನು ಚದುರುತ್ತದೆ. ಗಂಬಳಿಯನ್ನು ಈ ಸಲ ಹಾಕಲೇ ಇಲ್ಲ. ಅದು ನೀರು ಹೀರಿಕೊಂಡು ತೂಕ ಹೆಚ್ಚಿಸುತ್ತದೆ, ಗಾಳದ ಮುಳ್ಳುಗಳನ್ನೂ ಕಚ್ಚಿಕೊಳ್ಳುತ್ತದೆ. ಬದಲಿಗೆ ಜಾರದ ಬಣ್ಣ ಬಳಿದೆ. ತಿಳಿ ಬೂದು ಬಣ್ಣ, ಜುಲೈ ಬಿಸಿಲಿನಲ್ಲಿ ಬರಿಗಾಲಿಟ್ಟರೂ ತಾಳಬಹುದು. ನಡುವೆ ಒಂದು ಮುಚ್ಚಳ ಮಾಡಿ ಕೆಳಗೆ ಲಂಗರು ಮತ್ತು ಹಗ್ಗ ಇಟ್ಟಿದ್ದೇನೆ. ಎಲ್ಲ ಸೇರಿ ತೂಕ 32 ಪೌಂಡ್.

ತೂಕವನ್ನು ಇಷ್ಟು ಕಟ್ಟುನಿಟ್ಟಾಗಿ ಲೆಕ್ಕ ಹಾಕಲು ಕಾರಣ, ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕದಾದ ಇಂಥ ಮೋಟಾರು ದೋಣಿಗಳಿಗೆ ಇರಲೇಬೇಕಾದ ಸಾಮರ್ಥ್ಯ ಫಲಕ. ಜನ, ಮೋಟಾರು, ಸಾಮಾನು ಎಲ್ಲ ಸೇರಿ ದೋಣಿ ಎಷ್ಟು ಭಾರ ಹೊರಬಹುದೆಂದು ಅದರಲ್ಲಿ ಅಚ್ಚಾಗಿರುತ್ತದೆ. ನಾವು ಸೇರಿಸಿದ ಪ್ರತಿ ಪೌಂಡನ್ನೂ ಆ ಅಂಕಿಯಿಂದ ಕಳೆಯಬೇಕು. ಭಾರ ಎಲ್ಲಿ ಕೂರುತ್ತದೆಂಬುದೂ ಅಷ್ಟೇ ಮುಖ್ಯ. ಹೊಸ ನೆಲದ ಮೇಲೆ ನಾನು ನಿಂತಾಗ ಮೂತಿ ತಗ್ಗುತ್ತಿದ್ದುದರಿಂದ, ಮುಂದಿದ್ದ ಐವತ್ತು ಪೌಂಡಿಗೂ ಮಿಕ್ಕಿದ ಬ್ಯಾಟರಿಯನ್ನು ಹಿಂದಿನ ಆಸನದ ಪಕ್ಕಕ್ಕೆ ಸಾಗಿಸಿ, ಗಾಳಿಯಾಡುವ ಪೆಟ್ಟಿಗೆಯಲ್ಲಿಟ್ಟು ಪಟ್ಟಿಯಿಂದ ಬಿಗಿದೆ. ತಂತಿ ಉದ್ದವಾದ್ದರಿಂದ ಹಳೆಯದನ್ನು ತೆಗೆದು 4 ಗೇಜ್‌ನ ದಪ್ಪ ತಂತಿ ಎಳೆದು, ಬ್ಯಾಟರಿಯ ಬಳಿಯಲ್ಲೇ ವಿದ್ಯುತ್ ಮಿತಿ ಮೀರಿದರೆ ಕಡಿದುಬಿಡುವ 60 ಆಂಪಿಯರ್‌ನ ಬ್ರೇಕರ್ ಕೂರಿಸಿದೆ.

ಈ ಸಲ ಸರೋವರಕ್ಕೆ ಹೋದಾಗ ಅದೇ ಗೆಳೆಯನನ್ನು ಕರೆದುಕೊಂಡು ಹೋಗಿ, ಮೊಣಕಾಲುದ್ದದ ನೀರಿನಲ್ಲಿ ಇಬ್ಬರೂ ಬೇಕೆಂದೇ ಒಂದೇ ಬದಿಗೆ ನಿಂತೆವು. ಅಂಚಿನ ಕೆಳಗೆ ಇನ್ನೂ ಒಂದು ಗೇಣು ಮಿಕ್ಕಿತ್ತು. ಆಮೇಲೆ ಇಡೀ ಬೇಸಿಗೆ ಆ ಜಗಲಿಯ ಮೇಲೆ ನಿಂತು ಗಾಳ ಬೀಸಿದ್ದೇನೆ. ಅಕ್ಟೋಬರಿನಲ್ಲಿ ಹಲಗೆ ಎತ್ತಿ ಪರೀಕ್ಷಿಸಿದಾಗ ಎರಡನೆಯ ಅಡ್ಡಪಟ್ಟಿಯ ಎಡತುದಿಯಲ್ಲಿ ಎರಡು ರಿವೆಟ್ ಸಡಿಲಗೊಂಡಿದ್ದವು. ಅವನ್ನು ಕೊರೆದು ತೆಗೆದು, ಅಲ್ಲಿಗೆ ನೈಲಾನ್ ವಾಷರಿನ ಸಮೇತ ಸ್ಟೇನ್‌ಲೆಸ್ ಬೋಲ್ಟು ಹಾಕಿ ಮತ್ತೆ ಮುಚ್ಚಿದೆ.