ಮೊದಲು ಮೀಟರ್ ನೋಡಿ, ಆಮೇಲೆ ಬಲ್ಬು

ಗೃಹಜ್ಯೋತಿಯಿಂದ ಬಿಲ್ ಸೊನ್ನೆ ಬಂದಿದ್ದರೂ ಕರೆಂಟು ಎಲ್ಲಿಂದಲೋ ಬರಲೇಬೇಕು. ಗ್ರಿಡ್‌ನಿಂದ ಬರುವ ಪ್ರತಿ ಯೂನಿಟ್‌ಗೆ ಸರಾಸರಿ 0.7 ಕೆ.ಜಿ.ಯಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಉಳಿತಾಯ ಎಂದರೆ ಬಲ್ಬು ಆರಿಸುವುದು ಎಂದುಕೊಂಡವರೇ ಹೆಚ್ಚು. ಆದರೆ 9 ವಾಟ್‌ನ ಎಲ್‌ಇಡಿಯಲ್ಲಿ ಉಳಿಯುವುದು ಬಹಳ ಕಡಿಮೆ.

ಮೊದಲ ಕೆಲಸ, ಮೀಟರಿನ ಕೆಂಪು ದೀಪ ಎಣಿಸುವುದು. ಮೀಟರ್ ಮೇಲೆ 3200 ಅಥವಾ 1600 ಎಂಬಂಥ ಸಂಖ್ಯೆ ಅಚ್ಚಾಗಿರುತ್ತದೆ; ಒಂದು ಯೂನಿಟ್‌ಗೆ ದೀಪ ಅಷ್ಟು ಸಲ ಮಿನುಗುತ್ತದೆ. 3200ರ ಮೀಟರಿನಲ್ಲಿ ನಿಮಿಷಕ್ಕೆ ಒಂದು ಮಿನುಗು ಎಂದರೆ ಸುಮಾರು 19 ವಾಟ್, 1600ರದ್ದಾದರೆ ಅದರ ಎರಡರಷ್ಟು. ಫ್ರಿಜ್ ಸೇರಿ ಎಲ್ಲ ಸ್ವಿಚ್ ಆರಿಸಿ ಐದು ನಿಮಿಷ ಎಣಿಸಿ. ಆಗಲೂ 3200ರ ಮೀಟರ್ ನಿಮಿಷಕ್ಕೆ ಮೂರು ಸಲ ಮಿನುಗಿದರೆ ತಿಂಗಳಿಗೆ 40 ಯೂನಿಟ್ ಸುಮ್ಮನೆ ಹೋಗುತ್ತಿದೆ. ರಿಮೋಟಿನಿಂದಷ್ಟೇ ಆರಿಸಿದ ಸೆಟ್‌ಟಾಪ್ ಬಾಕ್ಸ್, ಹಳೇ ಬ್ಯಾಟರಿಯ ಇನ್ವರ್ಟರ್ ಇವುಗಳ ಮೇಲೆ ಮೊದಲು ಅನುಮಾನಪಡಿ. ಒಂದೊಂದನ್ನೇ ಪ್ಲಗ್‌ನಿಂದ ಕಿತ್ತು ಮತ್ತೆ ಎಣಿಸಿದರೆ ಕಳ್ಳ ಸಿಕ್ಕುತ್ತಾನೆ. ಮೇನ್ ಸ್ವಿಚ್ ಇಳಿಸಿದರೂ ಮಿನುಗು ನಿಲ್ಲದಿದ್ದರೆ ವೈರಿಂಗ್ ಇಲ್ಲವೇ ಮೀಟರ್ ತೊಂದರೆ, ವಿದ್ಯುತ್ ಕಚೇರಿಗೆ ದೂರು ಕೊಡಿ.

ಇನ್ನು ಗೀಸರ್. ಹೆಚ್ಚಿನ ಮನೆಗಳಲ್ಲಿ ಲೆಕ್ಕ ತಪ್ಪುವುದು ಇಲ್ಲೇ. 22 ಡಿಗ್ರಿಯ 15 ಲೀಟರ್ ನೀರನ್ನು 40 ಡಿಗ್ರಿಗೆ ಏರಿಸಲು ಯೂನಿಟ್‌ನ ಮೂರನೇ ಒಂದು ಭಾಗ ಸಾಕು, ಅಂದರೆ ಒಂದು ಬಕೆಟ್ ಸ್ನಾನ. ನಿಮಿಷಕ್ಕೆ 8 ಲೀಟರ್ ಸುರಿಯುವ ಷವರ್ ಕೆಳಗೆ ಹತ್ತು ನಿಮಿಷ ನಿಂತರೆ ಒಂದೂವರೆ ಯೂನಿಟ್ ದಾಟುತ್ತದೆ. ಥರ್ಮೋಸ್ಟಾಟ್ 50–55 ಡಿಗ್ರಿಗಿಡಿ. ಹಲವು ಮಾದರಿಗಳಲ್ಲಿ ತಿರುಪು ಕೆಳಗಿನ ಮುಚ್ಚಳದೊಳಗಿದೆ; ಗೀಸರಿನ ಎಂಸಿಬಿ (ಮೇನ್ ಬೋರ್ಡಿನಲ್ಲಿರುವ ಸುರಕ್ಷತಾ ಸ್ವಿಚ್) ಇಳಿಸದೆ ಮುಚ್ಚಳ ಬಿಚ್ಚಬೇಡಿ. 25 ಲೀಟರಿನ ಟ್ಯಾಂಕು ದಿನವಿಡೀ ಆನ್ ಇದ್ದರೆ ಯಾರೂ ಸ್ನಾನ ಮಾಡದೆಯೂ ಅರ್ಧದಿಂದ ಒಂದು ಯೂನಿಟ್ ಆರಿಹೋಗುತ್ತದೆ. ಎಲ್ಲರೂ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸುವುದೇ ಇದಕ್ಕೆ ಮದ್ದು. ಬೋರ್‌ವೆಲ್ ನೀರಿನ ಊರಲ್ಲಿ ಕಾಯಿಲ್ ಮೇಲೆ ಬಿಳಿ ಸುಣ್ಣ ಕಟ್ಟುತ್ತದೆ: ನೀರು ಕಾಯುವುದು ನಿಧಾನವಾಗುತ್ತದೆ, ಕಾಯಿಲ್ ಸುಡುತ್ತದೆ. ವರ್ಷಕ್ಕೊಮ್ಮೆಯಾದರೂ ಬಿಚ್ಚಿಸಿ ತೆಗೆಸಿ, ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಕಾಯುವ ಮೆಗ್ನೀಸಿಯಂ ಕಡ್ಡಿ ಸವೆದಿದ್ದರೆ ಆಗಲೇ ಬದಲಾಯಿಸಿ.

ಸೋಲಾರ್ ವಾಟರ್ ಹೀಟರ್ ಹಾಕಿಸಿದವರೂ ಒಂದು ಎಡವಟ್ಟು ಮಾಡುತ್ತಾರೆ. ಬಿಸಿಲಿಲ್ಲದಾಗ ಕರೆಂಟಿನಿಂದ ನೀರು ಕಾಯಿಸುವ ಬ್ಯಾಕಪ್ ಕಾಯಿಲ್‌ನ ಸ್ವಿಚ್ ಸದಾ ಆನ್. ರಾತ್ರಿಯೇ ಕರೆಂಟು ಟ್ಯಾಂಕನ್ನು ಕಾಯಿಸಿಟ್ಟರೆ ಬೆಳಗಾದ ಮೇಲೆ ಸೂರ್ಯನಿಗೆ ಉಳಿದ ಕೆಲಸವೇನು? ಮೋಡದ ದಿನ ಮಾತ್ರ, ಸ್ನಾನಕ್ಕೆ ಸ್ವಲ್ಪ ಮುಂಚೆ ಹಾಕಿ.

ಫ್ಯಾನು: ಹಳೆಯದು 75 ವಾಟ್, ಬಿಎಲ್‌ಡಿಸಿ (ಕಡಿಮೆ ಕರೆಂಟಿನ ಹೊಸ ಬಗೆಯ ಮೋಟಾರಿನ ಫ್ಯಾನು) ಸುಮಾರು 30. ದಿನಕ್ಕೆ 12 ಗಂಟೆ ತಿರುಗುವ ಫ್ಯಾನನ್ನು ಮೊದಲು ಬದಲಾಯಿಸಿ, ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ. ಅತಿಥಿ ಕೋಣೆಯದು ಹಾಗೇ ಇರಲಿ. ಹಳೇ ರೆಗ್ಯುಲೇಟರನ್ನು ಲೈನಿನಿಂದ ತೆಗೆಸಲೇಬೇಕು, ಇಲ್ಲವಾದರೆ ಹೊಸ ಫ್ಯಾನಿನ ಒಳಗಿನ ಎಲೆಕ್ಟ್ರಾನಿಕ್ ಬೋರ್ಡು ಹಾಳಾಗಬಹುದು.

ಅಪಾರ್ಟ್‌ಮೆಂಟಿನವರು ಸಾಮೂಹಿಕ ಮೀಟರನ್ನೂ ನೋಡಿ. ಓವರ್‌ಹೆಡ್ ಟ್ಯಾಂಕ್ ತುಂಬಿ ಚೆಲ್ಲುತ್ತಿದ್ದರೆ ತುಂಬಿದೊಡನೆ ಪಂಪು ನಿಲ್ಲಿಸುವ ಲೆವೆಲ್ ಕಂಟ್ರೋಲರ್ ಹಾಕಿಸಿ. ಪ್ರತಿ ಸಲ ಪಂಪಿಗೆ ನೀರು ಹೊಯ್ದು ಶುರುಮಾಡಬೇಕಾಗಿದ್ದರೆ ಫುಟ್‌ವಾಲ್ವ್ (ನೀರು ಹೀರುವ ಪೈಪಿನ ತಳದ ಕವಾಟ) ಸೋರುತ್ತಿರಬಹುದು. ಪಂಪು ಓಡಿಸಲು ಬೆಳಿಗ್ಗೆ 11ರಿಂದ ಮಧ್ಯಾಹ್ನ 3 ಒಳ್ಳೆಯ ಹೊತ್ತು. ಪಾವಗಡದಂಥ ಸೋಲಾರ್ ಪಾರ್ಕುಗಳ ಕರೆಂಟು ಆಗ ಹೇರಳ. ಸಂಜೆ ಏಳಕ್ಕೆ ಅದು ಇರುವುದಿಲ್ಲ, ಕಲ್ಲಿದ್ದಲಿನ ಪಾಲು ಹೆಚ್ಚುತ್ತದೆ.