ಮರೀನ್ ಡ್ರೈವ್ ಕ್ಲಬ್ಬುಗಳನ್ನು ಹೊರಗೆ ನಿಂತೇ ನೋಡೋದು ಹೇಗೆ

ರಾಯಚೂರಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮುಂಬೈಗೆ ಹೋಗುವ ನಮ್ಮವರು ಮರೀನ್ ಡ್ರೈವ್ ತಪ್ಪಿಸುವುದಿಲ್ಲ. ಆದರೆ ಸಮುದ್ರಕ್ಕೆ ಮುಖ ಮಾಡಿ ಕೂತು, ಶೇಂಗಾ ತಿಂದು ಎದ್ದು ಬರುತ್ತಾರೆ. ಮೊದಲ ಸಲ ನಾನೂ ಹಾಗೇ ಮಾಡಿದೆ. ಪಿ.ಟಿ. ಮಾಸ್ತರಾಗಿದ್ದವನು ನಾನು, ಬೆನ್ನ ಹಿಂದೆ ಕ್ರಿಕೆಟ್ಟಿನ ಚರಿತ್ರೆಯೇ ಇದೆ ಅಂತ ಆಮೇಲೆ ಗೊತ್ತಾಯಿತು!

ಸಂಜೆ ನಾಲ್ಕಕ್ಕೆ ಚರ್ಚ್‌ಗೇಟ್ ಸ್ಟೇಷನ್ನಿನಲ್ಲಿ ಇಳೀರಿ. ಕಟ್ಟಡಗಳು ಪಡುವಣಕ್ಕೆ ಮುಖ ಮಾಡಿವೆ, ಆಗಲೇ ಅವುಗಳ ಮೇಲೆ ಬಿಸಿಲು ಚೆನ್ನಾಗಿ ಬೀಳುತ್ತದೆ. ವೀರ್ ನರಿಮನ್ ರಸ್ತೆ ಹಿಡಿದು ಸಮುದ್ರದ ಕಡೆ ನಡೆದರೆ ಬ್ರೇಬೋರ್ನ್ ಸ್ಟೇಡಿಯಂ. 1933ರಲ್ಲಿ ಹುಟ್ಟಿದ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾ 1937ರಲ್ಲಿ ತೆರೆದ ಮೈದಾನ ಇದು. ಇಂಥ ಕ್ಲಬ್ಬುಗಳಿಗೆ ಸದಸ್ಯರ ಜೊತೆಗಲ್ಲದೆ ಹೋಗಲು ಆಗುವುದಿಲ್ಲ. ಒಂದು ಗೇಟಿನಲ್ಲಿ ನನ್ನ ಚಪ್ಪಲಿ ನೋಡಿಯೇ ಕೈ ಅಡ್ಡ ಹಿಡಿದರು.

ಅದೇ ರಸ್ತೆಯ ಅಂಬಾಸಡರ್ ಹೋಟೆಲಿನ ನೆತ್ತಿಯ ಮೇಲಿನ ಗುಂಡು ಕೋಣೆ, ತಿರುಗುವ ಹೋಟೆಲೆಂದು ಹೆಸರಾದದ್ದು. ಮೂಲೆಯಲ್ಲಿ ಸೂನಾ ಮಹಲ್ ಅನ್ನೋ ಕಟ್ಟಡ, ಹತ್ತಿರವೇ ಹಳೆಯ ಸೀ ಗ್ರೀನ್ ಹೋಟೆಲು. ಸಿಗ್ನಲ್ ನೋಡಿ ರಸ್ತೆ ದಾಟಿ, ಕಟ್ಟೆಯ ಮೇಲೆ ಸಮುದ್ರಕ್ಕೆ ಬೆನ್ನು ಕೊಟ್ಟು ಕೂತುಕೊಳ್ಳಿ. ದುಂಡಗಿನ ಮೂಲೆಗಳು, ಗೆರೆ ಎಳೆದಂಥ ಬಾಲ್ಕನಿಗಳು ಆಗ ಕಾಣುತ್ತವೆ. ಈ ಸಾಲಿಗೆ 2018ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು.

ಮುಂದಿನದು ಜಿಮ್ಖಾನಾಗಳು, ಅಂದರೆ ಆಟದ ಕ್ಲಬ್ಬುಗಳು. ಚರ್ಚ್‌ಗೇಟಿಗೆ ವಾಪಸು ಬಂದು ಸ್ಲೋ ಲೋಕಲ್ ಹತ್ತಿ (ಫಾಸ್ಟ್ ಬೇಡ, ಅದು ನಾವು ಇಳಿಯುವ ಚರ್ನಿ ರೋಡಿನಲ್ಲಿ ನಿಲ್ಲುವುದಿಲ್ಲ), ಎಡಗಡೆ ಕಿಟಕಿ ಹಿಡೀರಿ. ಮರೀನ್ ಲೈನ್ಸ್ ದಾಟಿದ ಮೇಲೆ ಹಳಿಗೂ ಸಮುದ್ರಕ್ಕೂ ನಡುವೆ ಮೈದಾನಗಳು ಸಾಲಾಗಿ ಬರುತ್ತವೆ: ಪಾರ್ಸಿ, ಇಸ್ಲಾಂ, ಹಿಂದೂ. ಒಂದೊಂದು ಧರ್ಮದವರಿಗೆ ಒಂದೊಂದು ಮೈದಾನ! ಚರ್ನಿ ರೋಡಿನಲ್ಲಿ ಇಳಿದು, ಸಮುದ್ರದ ಪಕ್ಕ ದಕ್ಷಿಣಕ್ಕೆ ನಡೆದು ಬನ್ನಿ.

1894ರ ಹಿಂದೂ ಜಿಮ್ಖಾನಾದ ಎದುರು ಸ್ವಲ್ಪ ನಿಲ್ಲಿ. ನಮ್ಮ ಧಾರವಾಡದಲ್ಲಿ ಹುಟ್ಟಿದ ಎಡಗೈ ಸ್ಪಿನ್ನರ್ ಪಲ್ವಂಕರ್ ಬಾಲೂ ಈ ಕ್ಲಬ್ಬಿಗೆ ಆಡಿದವರು. ದಲಿತರೆಂದು ಪುಣೆಯಲ್ಲಿ ಅವರಿಗೆ ಚಹಾ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಲೋಟದಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರೂ ಹಿಂದೂ ತಂಡದ ನಾಯಕತ್ವ ಕೊಡಲಿಲ್ಲ. ಅದು ಸಿಕ್ಕಿದ್ದು 1923ರಲ್ಲಿ, ಬಾಲೂ ಅವರ ತಮ್ಮ ವಿಠ್ಠಲರಿಗೆ.

ಬೇಲಿಯ ಹೊರಗಿನಿಂದ ಫೋಟೋ ತೆಗೆದಾಗ ಯಾರೂ ಬೇಡ ಅನ್ನಲಿಲ್ಲ. ಮಳೆಗಾಲದಲ್ಲಿ ಭರತ (ಸಮುದ್ರದ ಉಬ್ಬರ) ಇದ್ದರೆ ಮಾತ್ರ ಈ ಕಟ್ಟೆಯ ಕಡೆ ಹೋಗಬೇಡ್ರಿ, ಅಲೆ ರಸ್ತೆಗೇ ಬರುತ್ತದೆ.