ಹೊಸೂರಿನಿಂದ ಟ್ರ್ಯಾಕಿಗೆ ಹೋಗಿಬರುವ ಕಾರಿಗೆ ಸಸ್ಪೆನ್ಶನ್ ಆರಿಸುವುದು

ಹೊಸೂರಿನ ಕಾರು ಟ್ರ್ಯಾಕ್ ಮುಟ್ಟುವ ಮೊದಲು ಹೆದ್ದಾರಿ ಸವೆಸಬೇಕು. ಇರುಂಗಾಟ್ಟುಕೋಟ್ಟೈನ 3.7 ಕಿ.ಮೀ. ಮದ್ರಾಸ್ ಸರ್ಕ್ಯೂಟಿಗೆ 250 ಕಿ.ಮೀ. ಮೀರಿದ ದಾರಿ. ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ತೊಪ್ಪೂರು ಘಾಟ್ ಇಳಿದು, ಸೇಲಂ ದಾಟಿ 300ಕ್ಕೂ ಹೆಚ್ಚು. ಟ್ರೈಲರ್ ಇಲ್ಲದವರು ಯಾವ ಶಾಕ್ ಅಬ್ಸಾರ್ಬರ್ ಮೇಲೆ ಹೋಗುತ್ತಾರೋ ಅದರ ಮೇಲೇ ದಿನವಿಡೀ ಓಡಿಸಿ, ರಾತ್ರಿ ಅದರ ಮೇಲೇ ಮನೆಗೆ ಬರಬೇಕು. ವಾರದ ಉಳಿದ ದಿನ ಡೆಂಕಣಿಕೋಟೆ, ತಳಿ ಕಡೆಯ ಬಣ್ಣ ಬಳಿಯದ ಹಂಪುಗಳು ಇದ್ದೇ ಇವೆ. ಹಾಗಾಗಿ ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಚಕ್ರ ಮೇಲೇಳಲು ಎಷ್ಟು ಜಾಗ ಉಳಿಯುತ್ತದೆ ಎಂಬುದು. ಸ್ಪ್ರಿಂಗಿನ ಗಡಸು ಆಮೇಲಿನ ಮಾತು.

ಆ ಜಾಗವನ್ನು ಅಳೆಯುವುದು ಕಷ್ಟವಲ್ಲ. ಕಾರು ಸಮತಟ್ಟು ನೆಲದ ಮೇಲೆ ನಿಂತಿರುವಾಗ ಡಸ್ಟ್ ಕವರ್ ಸರಿಸಿ, ಡ್ಯಾಂಪರ್ (ಅಂದರೆ ಶಾಕ್) ಬಾಡಿಯ ತಲೆಗೂ, ಚಕ್ರ ಮಿತಿ ಮೀರಿ ಮೇಲೇಳದಂತೆ ತಡೆಯುವ ಬಂಪ್ ಸ್ಟಾಪ್ ಎಂಬ ರಬ್ಬರ್ ತುಂಡಿನ ತುದಿಗೂ ನಡುವಿನ ಅಂತರ ನೋಡಿ. ಶಾಕಿನ ರಾಡಿಗೆ ಒಂದು ಕೇಬಲ್ ಟೈ ಬಿಗಿದು, ದಿನವೂ ಹೋಗುವ ರಸ್ತೆಯಲ್ಲಿ ಒಂದು ಸುತ್ತು ಬಂದರೆ ಅದು ಎಲ್ಲಿಯವರೆಗೆ ಜರುಗಿದೆ ಎಂದು ತಿಳಿಯುತ್ತದೆ. ಕಾರನ್ನು 25 ಮಿ.ಮೀ. ಇಳಿಸಿದರೆ ಚಕ್ರದ ಹತ್ತಿರ ಅಷ್ಟೇ ಜಾಗ ಹೋಯಿತು. ಬರೀ ಲೋವರಿಂಗ್ ಸ್ಪ್ರಿಂಗ್ ಹಾಕಿ ಹಳೆಯ ಶಾಕನ್ನೇ ಉಳಿಸಿಕೊಂಡವರ ಕಾರು ತಿರುವಿನ ನಡುವೆ ಇದ್ದಕ್ಕಿದ್ದಂತೆ ಜಾರುವುದು ಇದರಿಂದಲೇ. ಹೊರಗಿನ ಚಕ್ರ ಬಂಪ್ ಸ್ಟಾಪಿಗೆ ಒತ್ತಿಕೊಂಡ ಕ್ಷಣ ಸ್ಪ್ರಿಂಗಿನ ಗಡಸು ಹಲವು ಪಟ್ಟು ಏರಿದಂತಾಗಿ ಆ ಟಯರು ಹಿಡಿತ ಬಿಡುತ್ತದೆ. ಮ್ಯಾಕ್‌ಫರ್ಸನ್ ಸ್ಟ್ರಟ್ (ಶಾಕೇ ಚಕ್ರವನ್ನು ಹಿಡಿಯುವ ಕಂಬವೂ ಆಗಿರುವ ವ್ಯವಸ್ಥೆ) ಇರುವ ಕಾರಿನಲ್ಲಿ ಇನ್ನೊಂದು ತೊಂದರೆಯೂ ಇದೆ. ಚಕ್ರವನ್ನು ಕೆಳಗಿನಿಂದ ಕಾರಿಗೆ ಜೋಡಿಸುವ ಲೋವರ್ ಆರ್ಮಿನ ಹೊರತುದಿ ಒಳತುದಿಗಿಂತ ಮೇಲೆ ಹೋಗುವಷ್ಟು ಇಳಿಸಿದರೆ ರೋಲ್ ಸೆಂಟರ್ (ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಕಾರಿಗಿಂತ ಬೇಗ ಕೆಳಗೆ ಹೋಗುತ್ತದೆ, ನೋಡಲು ತಗ್ಗಾದ ಕಾರು ಹೆಚ್ಚು ವಾಲುತ್ತದೆ. ನಮ್ಮ ರಸ್ತೆಗಳಿಗೆ 15ರಿಂದ 20 ಮಿ.ಮೀ. ಇಳಿಕೆ ಸಾಕು.

ಸ್ಪ್ರಿಂಗ್ ರೇಟನ್ನು, ಅಂದರೆ ಅದರ ಗಡಸನ್ನು, ಅಂಗಡಿಯವರ ಮಾತಿನ ಮೇಲೆ ಆರಿಸಬೇಡಿ, ಲೆಕ್ಕ ಹಾಕಿ. ಕಾರಿನ ದೇಹ ಸ್ಪ್ರಿಂಗಿನ ಮೇಲೆ ಸೆಕೆಂಡಿಗೆ ಎಷ್ಟು ಸಲ ಏಳುಬೀಳುತ್ತದೆ ಎಂಬುದೇ ಅಳತೆಗೋಲು. ಸಾಮಾನ್ಯ ಕಾರಿನಲ್ಲಿ ಅದು 1ರಿಂದ 1.5 ಹರ್ಟ್ಸ್. ರಸ್ತೆ, ಟ್ರ್ಯಾಕ್ ಎರಡಕ್ಕೂ 1.7ರಿಂದ 2 ಒಳ್ಳೆಯದು. 2.3 ದಾಟಿದರೆ ಕೃಷ್ಣಗಿರಿ ಮುಟ್ಟುವಷ್ಟರಲ್ಲೇ ಸೊಂಟ ಹಿಡಿಯುತ್ತದೆ. ಒಂದು ಮುಂಚಕ್ರದ ಮೇಲಿನ ಭಾರ 390 ಕಿಲೋ, ಅದರಲ್ಲಿ ಚಕ್ರ, ಬ್ರೇಕು, ಹಬ್ಬಿನ ಪಾಲು 40 ಕಿಲೋ ಎನ್ನಿ. ಸ್ಪ್ರಿಂಗ್ ಹೊರುವುದು 350. ಇದನ್ನು 39.5ರಿಂದ (ಪೈಯ ವರ್ಗದ ನಾಲ್ಕು ಪಟ್ಟು), ಮತ್ತೆ ನಮ್ಮ ಗುರಿ 1.8 ಹರ್ಟ್ಸ್ ಎಂದಿಟ್ಟುಕೊಂಡು 1.8ರ ವರ್ಗದಿಂದ ಗುಣಿಸಿ, 1000ದಿಂದ ಭಾಗಿಸಿದರೆ ಚಕ್ರದ ಹತ್ತಿರ ಮಿ.ಮೀ.ಗೆ ಸುಮಾರು 45 ನ್ಯೂಟನ್ ಬೇಕೆಂದಾಯಿತು. ಸ್ಪ್ರಿಂಗ್ ಚಕ್ರದಷ್ಟೇ ಚಲಿಸುವುದಿಲ್ಲವಾದ್ದರಿಂದ ಮೋಶನ್ ರೇಶಿಯೋದ (ಚಕ್ರ ಒಂದು ಮಿ.ಮೀ. ಚಲಿಸಿದಾಗ ಸ್ಪ್ರಿಂಗ್ ಎಷ್ಟು ಚಲಿಸುತ್ತದೆ ಎಂಬ ಅನುಪಾತದ) ವರ್ಗದಿಂದ ಭಾಗಿಸಬೇಕು. ಸ್ಟ್ರಟ್ಟಿನಲ್ಲಿ ಅದು 0.95ರ ಆಸುಪಾಸು ಇದ್ದರೆ 50 ನ್ಯೂಟನ್ನಿನ ಸ್ಪ್ರಿಂಗ್ ಸಾಕು. ಅದನ್ನೇ 5 ಕೆಜಿ ಸ್ಪ್ರಿಂಗ್ ಎನ್ನುತ್ತಾರೆ. ಹಿಂದೆ ಸ್ಪ್ರಿಂಗ್ ಆರ್ಮಿನ ನಡುವೆ ಕೂತು ರೇಶಿಯೋ 0.7 ಇದ್ದರೆ, ಅಷ್ಟೇ ತೂಕಕ್ಕೆ 2 ಹರ್ಟ್ಸ್ ಬೇಕೆಂದಾಗ 113 ನ್ಯೂಟನ್ ಬೇಕಾಗುತ್ತದೆ. ಹಿಂದಿನ ಸ್ಪ್ರಿಂಗ್ ಎರಡು ಪಟ್ಟು ಗಡಸು ಎಂದು ಕಾಗದದಲ್ಲಿ ಕಂಡು ಗಾಬರಿಯಾಗಬೇಡಿ.

ಸ್ಪ್ರಿಂಗ್ ನಿಶ್ಚಯವಾದ ಮೇಲೆ ಅದಕ್ಕೆ ಹೊಂದುವ ಡ್ಯಾಂಪರ್. ಎರಡನ್ನೂ ಬೇರೆ ಬೇರೆ ಕಡೆ ಕೊಂಡು ಜೋಡಿಸುವುದರಲ್ಲೇ ಹೆಚ್ಚು ಹಣ ಹಾಳಾಗುತ್ತದೆ. ಬಿಲ್‌ಸ್ಟೈನ್‌ನ ಬಿ6 ಡ್ಯಾಂಪರ್ ಮೂಲ ಸ್ಪ್ರಿಂಗಿಗೆ ಮಾಡಿದ್ದು, ಬಿ8 ಇಳಿಸಿದ ಕಾರಿಗೆಂದೇ ಗಿಡ್ಡವಾಗಿ ಮಾಡಿದ್ದು. ಎತ್ತರ ಬದಲಾಯಿಸುವ ಆಸೆ ಇಲ್ಲದವರಿಗೆ, ವರ್ಷಕ್ಕೆ ಎರಡು ಮೂರು ಟ್ರ್ಯಾಕ್ ದಿನ ಮಾಡುವವರಿಗೆ, ಬಿ6 ಮತ್ತು ಒಳ್ಳೆಯ ಟಯರು ಬಹಳ ಬುದ್ಧಿವಂತ ಆಯ್ಕೆ. ಎತ್ತರ ಬದಲಿಸಬಲ್ಲ ಸ್ಪ್ರಿಂಗ್ ಮತ್ತು ಶಾಕಿನ ಜೋಡಿ, ಅಂದರೆ ಕಾಯಿಲೋವರೇ ಬೇಕೆಂದರೆ ರಸ್ತೆಗೊಂದು, ಟ್ರ್ಯಾಕಿಗೊಂದು ಸೆಟ್ಟಿಂಗ್ ಇಡಲು ಒಂದೇ ನಾಬ್ ತಿರುಗಿಸುವ ಓಲಿನ್ಸ್ ರೋಡ್ ಅಂಡ್ ಟ್ರ್ಯಾಕ್ ತರಹದ್ದು ಸುಲಭ. ಕೆಡಬ್ಲ್ಯೂ ವೇರಿಯಂಟ್ 3ರಲ್ಲಿ ಕಂಪ್ರೆಶನ್ (ಶಾಕ್ ಕುಗ್ಗುವಾಗಿನ ತಡೆ), ರಿಬೌಂಡ್ (ಮತ್ತೆ ಚಾಚುವಾಗಿನ ತಡೆ) ಎರಡನ್ನೂ ಬೇರೆ ಬೇರೆ ಹೊಂದಿಸಬಹುದು. ಕೂತು ಕಲಿಯುವ ತಾಳ್ಮೆ ಇದ್ದವರಿಗೆ ಅದು. ಮೂರು, ನಾಲ್ಕು ಬಗೆಯ ಹೊಂದಾಣಿಕೆ ಇರುವವು ಕಾರಿನ ಚಲನೆಯನ್ನು ದಾಖಲಿಸುವ ಡೇಟಾ ಲಾಗರ್ ಇಲ್ಲದವರಿಗೆ ತಪ್ಪು ಮಾಡಲು ಇನ್ನಷ್ಟು ದಾರಿ ತೆರೆಯುತ್ತವೆ. ಸೀಲು ಸಿಗುತ್ತದೆಯೇ, ಬಿಚ್ಚಿ ರಿಪೇರಿ ಮಾಡುವವರು ಕೈಗೆಟುಕುವ ದೂರದಲ್ಲಿದ್ದಾರೆಯೇ ಎಂದು ಹಣ ಕೊಡುವ ಮೊದಲೇ ಕೇಳಿ. ಮೂಲ ಕಾರಿನಲ್ಲಿ ಎಲೆಕ್ಟ್ರಾನಿಕ್ ಡ್ಯಾಂಪರ್ ಇದ್ದರೆ ಎಚ್ಚರಿಕೆ ದೀಪ ಆರಿಸುವ ಮಾಡ್ಯೂಲ್ ಸೆಟ್ಟಿನ ಜೊತೆಗೇ ಬರಲಿ.

ಎತ್ತರ ಹೊಂದಿಸುವ ವಿಧಾನ ಎರಡು. ಕೆಲವದರಲ್ಲಿ ಕೆಳಗಿನ ಬ್ರಾಕೆಟ್ ತಿರುಗಿಸಿದರೆ ಇಡೀ ಶಾಕಿನ ಉದ್ದವೇ ಬದಲಾಗುತ್ತದೆ, ಒಳಗಿನ ರಾಡಿನ ಓಟ ಹಾಗೇ ಉಳಿಯುತ್ತದೆ. ಸ್ಪ್ರಿಂಗಿನ ತಟ್ಟೆಯನ್ನೇ ಇಳಿಸುವ ಬಗೆಯಲ್ಲಿ ರಾಡು ಕುಗ್ಗಲು ಉಳಿಯುವ ಓಟ ಕಡಿಮೆಯಾಗುತ್ತದೆ. ಶಾಕಿನ ತಲೆ ಕಾರಿಗೆ ಸೇರುವ ಟಾಪ್ ಮೌಂಟಿನಲ್ಲಿ ರಬ್ಬರಿನ ಬದಲು ಪಿಲ್ಲೋ ಬಾಲ್ ಎಂಬ ಲೋಹದ ಕೀಲು ಸ್ಟೇರಿಂಗಿಗೆ ಚುರುಕು ಕೊಡುತ್ತದೆ. ಆದರೆ ಧೂಳು, ಮಳೆ ಸೇರಿ ಬೇಗ ಟಕಟಕ ಎನ್ನಲು ತೊಡಗುತ್ತದೆ. ಮುಂದೆ ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲುವ ಕೋನ) ಬೇಕಾದ್ದರಿಂದ ಅಲ್ಲಿ ಮಾತ್ರ ಹಾಕಿ, ಹಿಂದೆ ರಬ್ಬರೇ ಇರಲಿ.

ಕೂರಿಸುವಾಗ ಗ್ಯಾರೇಜುಗಳು ಪದೇ ಪದೇ ಮಾಡುವ ತಪ್ಪೊಂದಿದೆ. ಕಾರು ಲಿಫ್ಟಿನ ಮೇಲೆ, ಚಕ್ರ ಜೋತಾಡುತ್ತಿರುವಾಗಲೇ ಆರ್ಮಿನ ಬೋಲ್ಟು ಬಿಗಿದುಬಿಡುತ್ತಾರೆ. ಕಾರು ಕೆಳಗಿಳಿದಾಗ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಬೋಲ್ಟನ್ನು ಸಡಿಲವಾಗಿ ಸೇರಿಸಿ, ಚಕ್ರದ ಮೇಲೆ ಪೂರ್ತಿ ಭಾರ ಬಿಟ್ಟ ಮೇಲೆ ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ ಬಿಗಿಯಿರಿ. ರಾಡಿನ ನಟ್ಟಿಗೆ ಇಂಪ್ಯಾಕ್ಟ್ ಗನ್ ಹಿಡಿಯಲೇಬೇಡಿ. ರಾಡು ಗಿರ್ರನೆ ತಿರುಗಿ ಸೀಲು ಕೆಡುತ್ತದೆ. 300 ಕಿ.ಮೀ. ಓಡಿ ಸ್ಪ್ರಿಂಗ್ ಕೂತ ಮೇಲೆ ಎತ್ತರ ಮತ್ತೆ ಅಳೆದು ಅಲೈನ್‌ಮೆಂಟ್ ಮಾಡಿಸಿ. ಮುಂದೆ ಮೈನಸ್ 2ರಿಂದ 2.5 ಡಿಗ್ರಿ, ಹಿಂದೆ ಮೈನಸ್ 1.5ರಿಂದ 2 ಕ್ಯಾಂಬರ್, ಮುಂದಿನ ಟೋ (ಮೇಲಿನಿಂದ ನೋಡಿದಾಗ ಚಕ್ರ ತಿರುಗಿರುವ ಕೋನ) ಸೊನ್ನೆ, ಹಿಂದೆ ಚೂರು ಟೋ ಇನ್ (ಚಕ್ರಗಳ ಮುಂತುದಿ ಒಳಕ್ಕೆ) ಎಂದು ಶುರು ಮಾಡಬಹುದು. ಟೋ ತಪ್ಪಿದರೆ ಹೆದ್ದಾರಿಯೇ ಟಯರನ್ನು ತಿಂದುಹಾಕುತ್ತದೆ.

ಡ್ಯಾಂಪರಿನ ನಾಬ್ ತಿರುಗಿಸುವಾಗಿನ ಕ್ಲಿಕ್ಕುಗಳನ್ನು ಪೂರ್ತಿ ಮುಚ್ಚಿದ ಜಾಗದಿಂದ ಎಣಿಸಿ ಬರೆದಿಡಿ, ಕೊನೆಯಲ್ಲಿ ಒತ್ತಿ ತಿರುಗಿಸಬೇಡಿ. ಟ್ರ್ಯಾಕಿನಲ್ಲಿ ಒಂದು ಸಲಕ್ಕೆ ಎರಡು ಕ್ಲಿಕ್, ಒಂದೇ ಬದಲಾವಣೆ. ರಿಬೌಂಡ್ ವಿಪರೀತವಾದರೆ ಚಕ್ರ ಕೆಳಗಿಳಿಯುವ ಮೊದಲೇ ಮುಂದಿನ ಉಬ್ಬು ಬಂದು, ಕಾರು ಹಂತಹಂತವಾಗಿ ಕುಗ್ಗಿ ಬಂಪ್ ಸ್ಟಾಪಿನ ಮೇಲೆ ಕೂರುತ್ತದೆ. ಕಂಪ್ರೆಶನ್ ಅತಿಯಾದರೆ ಕಾರು ಉಬ್ಬುಗಳ ಮೇಲೆ ಹಾರಿಹಾರಿ ಸಾಗುತ್ತದೆ. ತಿರುವಿನ ಉದ್ದಕ್ಕೂ ಮುಂಭಾಗ ಹೊರಗೆ ಎಳೆಯುತ್ತಿದ್ದರೆ ಅದು ಕ್ಲಿಕ್ಕಿನಿಂದ ಹೋಗದು. ಕಾರು ವಾಲುವುದನ್ನು ತಡೆಯಲು ಎಡ ಬಲ ಚಕ್ರಗಳನ್ನು ಬೆಸೆಯುವ ಸರಳಾದ ಆ್ಯಂಟಿ ರೋಲ್ ಬಾರನ್ನು ಹಿಂದೆ ಒಂದು ತೂತು ಬಿಗಿ ಮಾಡಿ, ಇಲ್ಲವೇ ಮುಂದಿನದನ್ನು ಸಡಿಲಿಸಿ.

ವಿಮಾ ಕಂಪನಿಗೆ ಬದಲಾವಣೆಯನ್ನು ಬರಹದಲ್ಲಿ ತಿಳಿಸಿ. ರೇಸಿಂಗ್, ವೇಗ ಪರೀಕ್ಷೆಗಳು ಸಾಮಾನ್ಯ ಪಾಲಿಸಿಯ ಹೊರಗೆ ಎಂಬುದೂ ನೆನಪಿರಲಿ. ಮಳೆಗಾಲ ಮುಗಿದೊಡನೆ ಕಾಯಿಲೋವರಿನ ಥ್ರೆಡ್ಡನ್ನು (ತಿರುಪಿನ ಗೆರೆಗಳನ್ನು) ತೊಳೆದು, ಬ್ರಷ್ಷಿನಿಂದ ಕೆಸರು ತೆಗೆದು, ಎತ್ತರ ಹೊಂದಿಸುವ ರಿಂಗನ್ನು ಸಿ ಸ್ಪ್ಯಾನರಿನಿಂದ ಒಂದು ಸುತ್ತು ಆಚೀಚೆ ತಿರುಗಿಸಿ ಮತ್ತೆ ಗುರುತಿಗೆ ತನ್ನಿ. ಅದು ಒಮ್ಮೆ ಹಿಡಿದುಕೊಂಡಿತೆಂದರೆ ಮುಂದಿನ ಸಲ ಎತ್ತರ ಬದಲಿಸಲು ಸುತ್ತಿಗೆ ಬೇಕಾಗುತ್ತದೆ, ಸುತ್ತಿಗೆ ಏಟಿಗೆ ಥ್ರೆಡ್ ಉಳಿಯುವುದಿಲ್ಲ.